ಟೊಪಗಿ-ಟಾವೆಲಿನ ಗುತ್ತಿಗೆದಾರ

ಏಕಸಂಬಿಯ ಬಾಳಾಸಾಬ ಇದ್ದ ನೌಕರಿ ಬಿಟ್ಟದ್ದು ಒಂದು ಪ್ಲಾಸ್ಟಿಕ್ ಕುರ್ಚಿಯ ಸಲುವಾಗಿ. ಲೋಕದಲ್ಲಿ ಕುರ್ಚಿಗಾಗಿ ಎಂತೆಂಥವರೋ ಏನೇನೋ ಬಿಟ್ಟಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರೆಲ್ಲ ಕುರ್ಚಿ ಸಿಗುವ ಖಾತ್ರಿ ಮಾಡಿಕೊಂಡು ಬಿಟ್ಟವರು. ಬಾಳಾಸಾಬನಿಗೆ ಅಷ್ಟು ವ್ಯವಧಾನ ಇರಲಿಲ್ಲ.

ಚಿಕ್ಕೋಡಿಯಲ್ಲಿ ನೇಮಿನಾಥ ಶೇಟ್‌ರ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಇವನು ನಳದ ಫಿಟ್ಟರ್. ಪೈಪು ಕೊಂಡವರ ಮನೆಗೆ ಹೋಗಿ ಜೋಡಿಸಿ ಬರುವುದು, ಸೋರುವಲ್ಲಿ ಬಿಗಿದು ಬರುವುದು, ಉಳಿದ ಹೊತ್ತಿನಲ್ಲಿ ಶೇಟ್‌ರಿಗೆ ಚಹಾ ತಂದು ಕೊಡುವುದು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲವೆಂದು ಗಿರಾಕಿಗಳ ಕುರ್ಚಿಯಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿದ. ಆಗಲೇ ಒಬ್ಬ ಗಿರಾಕಿ ಬಂದ. "ಏಳಪಾ, ಅದು ಗಿರಾಕಿ ಕುರ್ಚಿ" ಎಂದರು ಶೇಟ್‌ರು. ಸಿಟ್ಟಿನಿಂದೇನೂ ಅಲ್ಲ, ದಿನದ ಮಾತಿನ ಹಾಗೆ. ಬಾಳಾಸಾಬ ಎದ್ದ. ಎದ್ದವನು ರೊಟ್ಟಿಯ ಗಂಟು ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಇಳಿದ, ಬಸ್ ಸ್ಟ್ಯಾಂಡಿಗೆ ನಡೆದ, ಏಕಸಂಬಿಯ ಬಸ್ಸು ಹತ್ತಿದ. ಬಸ್ಸು ಅರ್ಧ ದಾರಿ ಬಂದ ಮೇಲೆ ಅವನಿಗೆ ತಾನು ನೌಕರಿ ಬಿಟ್ಟಿದ್ದೇನೆ ಎಂಬುದು ತಿಳಿಯಿತು.

ಮನೆಯಲ್ಲಿ ತಾಯಿ ಅಕ್ಕುತಾಯಿ ಹಣೆ ಬಡಿದುಕೊಂಡಳು. ಹೆಂಡತಿ ಕಾಂಚನ ಹೊಲಿಗೆ ಮಷಿನ್ ನಿಲ್ಲಿಸಿ, ಮುಂದೇನು ಎಂದು ಕೇಳಿದಳು. ಮುಂದೇನು ಎಂಬುದನ್ನು ಬಾಳಾಸಾಬ ಯೋಚಿಸಿರಲಿಲ್ಲ. ಅದನ್ನು ಯೋಚಿಸಿದವನು ಕಾಂಚನಳ ತಮ್ಮ ಸುರಜ. ರಾಯಬಾಗದಲ್ಲಿ ಮೊಬೈಲು ರಿಪೇರಿ ಮಾಡುವ ಈ ಹುಡುಗ ಲೋಕದ ಸಕಲ ಧಂದೆಗಳ ಗುಟ್ಟನ್ನೂ ಬಲ್ಲವನು. ತನ್ನ ಧಂದೆಯೊಂದನ್ನು ಬಿಟ್ಟು. ಮರುದಿನವೇ ಓಡಿ ಬಂದು, ದಾಜಿ, ಅಂದರೆ ಅಕ್ಕನ ಗಂಡ, ಇನ್ನು ಮೇಲೆ ಯಾರ ಕೈಯಲ್ಲೂ ದುಡಿಯಕೂಡದು, ಸ್ವಂತ ಗುತ್ತಿಗೆ ಹಿಡಿಯಬೇಕು ಎಂದು ಫರ್ಮಾನು ಹೊರಡಿಸಿದ. ಒಂದು ವಾರದಲ್ಲಿ ಕಾರ್ಡುಗಳನ್ನೂ ಅಚ್ಚು ಹಾಕಿಸಿ ತಂದ. ಒಂದು ಮೂಲೆಯಲ್ಲಿ ಮುಗಿಲು ಮುಟ್ಟುವ ಕಟ್ಟಡದ ಚಿತ್ರ. ನಡುವೆ ಬಂಗಾರದ ಬಣ್ಣದಲ್ಲಿ 'ಶ್ರೀ ಬಾಳಾಸಾಬ, ಸ್ವತಂತ್ರ ಗುತ್ತಿಗೆದಾರರು, ಏಕಸಂಬಿ.'

ಬಾಳಾಸಾಬ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದರಾಗ ನಳ ಎಲ್ಲೈತಿ?"

"ದಾಜಿ, ನಳ ಅಂತ ಹಾಕಿದ್ರ ನಳಕ್ಕಷ್ಟ ಕರೀತಾರ. ಬರೇ ಗುತ್ತಿಗೆದಾರ ಅಂದ್ರ ಎಲ್ಲಾದಕ್ಕೂ ಕರೀತಾರ" ಎಂದ ಸುರಜ. ಜೊತೆಗೆ ಇನ್ನೊಂದು ಸೂತ್ರವನ್ನೂ ಕಲಿಸಿದ: ಯಾರು ಏನೇ ಕೇಳಲಿ, ಖಾಲಿ ಇದ್ದೇನೆ ಎನ್ನಬಾರದು. ಖಾಲಿ ಇರುವವನಿಗೆ ಯಾರೂ ಕೆಲಸ ಕೊಡುವುದಿಲ್ಲ, ಪುರಸತ್ತು ಇಲ್ಲದವನ ಹಿಂದೆಯೇ ಜನ ಬೀಳುತ್ತಾರೆ.

ಕಾಂಚನ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದಳು. ದಸರೆಯ ತನಕ ನೋಡುವುದು. ಅಷ್ಟರೊಳಗೆ ಗುತ್ತಿಗೆ ಕುದುರಿದರೆ ಸೈ. ಕುದುರದಿದ್ದರೆ ಹಟ ಬಿಟ್ಟು ಶೇಟ್‌ರ ಅಂಗಡಿಯ ಮೆಟ್ಟಿಲು ಹತ್ತುವುದು, ಆ ಕುರ್ಚಿಯ ಪಕ್ಕದಲ್ಲಿ ನಿಂತೇ ರೊಟ್ಟಿ ತಿನ್ನುವುದು. ಬಾಳಾಸಾಬ ಒಪ್ಪಿದ. ಆದರೂ ಆ ಮೆಟ್ಟಿಲನ್ನು ಮತ್ತೆ ಹತ್ತುವುದಕ್ಕಿಂತ ಹೊಳೆಗೆ ಹಾರುವುದು ಲೇಸೆಂದು ಅವನಿಗೆ ಅನಿಸುತ್ತಿತ್ತು, ಮತ್ತು ಅವನಿಗೆ ಈಜು ಬರುತ್ತಿರಲಿಲ್ಲ.

ಮೊದಮೊದಲು ಕೆಲಸ ಅಷ್ಟಿಷ್ಟು ಬಂತು. ಎದುರು ಮನೆಯ ಲಕ್ಷ್ಮಿಬಾಯಿ ಕಾಕು ತನ್ನ ಬಚ್ಚಲಿನ ನಳಕ್ಕೆ ವಾಶರ್ ಹಾಕಿಸಿಕೊಂಡಳು. ಗುಡಿಯ ನೀರಿನ ಟಾಕಿ ಸೋರಿತು. ಹೊಟ್ಟೆ ತುಂಬದಿದ್ದರೂ ಕೈ ಆಡುತ್ತಿತ್ತು. ಹೀಗೇ ಇದ್ದಿದ್ದರೆ ದಸರೆಯ ಹೊತ್ತಿಗೆ ಏನಾದರೂ ಆಗುತ್ತಿತ್ತೋ ಏನೋ. ಆದರೆ ಅಷ್ಟರಲ್ಲಿ ಅವನಿಗೆ ಸನ್ಮಾನವಾಗಿಬಿಟ್ಟಿತು.

ಜುಗೂಳದ ವಿರುಪಾಕ್ಷಪ್ಪನವರು ಕಬ್ಬು, ದ್ರಾಕ್ಷಿಯ ದೊಡ್ಡ ಕುಳ. ಹೊಳೆಗೆ ಮುಖ ಮಾಡಿ ಎರಡು ಅಂತಸ್ತಿನ ಬಂಗಲೆ ಕಟ್ಟಿಸಿದ್ದರು. ಅದರ ವಾಸ್ತುಶಾಂತಿಗೆ ಬಾಳಾಸಾಬ ಕರೆಯದೆ ಹೋದನೆಂದು ಆಮೇಲೆ ಕೆಲವರು ಆಡಿಕೊಂಡರು. ಅದು ಪೂರ್ತಿ ನ್ಯಾಯವಲ್ಲ. ಶೇಟ್‌ರ ಅಂಗಡಿಯಲ್ಲಿದ್ದಾಗ ಆ ಬಂಗಲೆಯ ಹಿಂದಿನ ದನದ ಕೊಟ್ಟಿಗೆಗೆ ಅವನೇ ಒಂದು ನಳ ಕೂಡಿಸಿದ್ದ. ಆ ನಳದ ಮೇಲಿನ ಅಭಿಮಾನದಿಂದ, ನಾಲ್ಕು ಜನರಿಗೆ ಕಾರ್ಡು ಕೊಟ್ಟ ಹಾಗೂ ಆಗುತ್ತದೆ, ಗೋದಿ ಹುಗ್ಗಿಯ ಊಟವೂ ಆಗುತ್ತದೆ ಎಂದು ಹೋಗಿದ್ದ.

ನಮ್ಮ ಗಡಿಯ ಕಡೆ ವಾಸ್ತುಶಾಂತಿ ಎಂದರೆ ಹೋಮ ಮತ್ತು ಊಟ ಎರಡೇ ಅಲ್ಲ. ಮನೆಗೆ ಕೈ ಹಚ್ಚಿದ ಗೌಂಡಿ, ಬಡಿಗ, ಗುತ್ತಿಗೆದಾರ ಎಲ್ಲರನ್ನೂ ಮೈಕಿನಲ್ಲಿ ಕೂಗಿ ಕರೆದು, ತಲೆಗೆ ಬಿಳಿ ಟೊಪಗಿ ಇಟ್ಟು, ಹೆಗಲಿಗೆ ಟಾವೆಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು ಆಯೇರ ಮಾಡಬೇಕು. ಅದು ಆಗದೆ ಮನೆ ಪೂರ್ತಿಯಾದ ಹಾಗಲ್ಲ. ಗೌಂಡಿಗೆ ಆಯಿತು, ಬಡಿಗನಿಗೆ ಆಯಿತು. ಗುತ್ತಿಗೆದಾರನ ಪಾಳಿ ಬಂದಾಗ ನೋಡಿದರೆ ಆಸಾಮಿಯೇ ಇಲ್ಲ. ಹೊಳೆಯಾಚೆ ಅವನ ಕಾರು ಕೆಟ್ಟು ನಿಂತಿದೆ ಎಂದರು ಕೆಲವರು. ಮಾಳಿಗೆಯ ಮೆಟ್ಟಿಲುಗಳಲ್ಲಿ ಒಂದು ಗಿಡ್ಡ, ಒಂದು ಎತ್ತರವಾಗಿ ಬೆಳಿಗ್ಗೆಯೇ ಇಬ್ಬರು ಬೀಗರು ಮುಗ್ಗರಿಸಿದ್ದರು, ಅದಕ್ಕೇ ಅವನು ಮುಖ ತೋರಿಸಲಿಲ್ಲ ಎಂದರು ಇನ್ನು ಕೆಲವರು. ಟೊಪಗಿ, ಟಾವೆಲು, ಕಾಯಿ ತಾಟಿನಲ್ಲಿ ಹಾಗೇ ಉಳಿದವು.

ವಿರುಪಾಕ್ಷಪ್ಪನವರು ತಾಟನ್ನು ಒಳಗಿಡಿ ಎಂದರು. ಅವರ ಹೆಂಡತಿ ಅಕ್ಕವ್ವ ಬಾಗಿಲಿಗೆ ಅಡ್ಡ ನಿಂತಳು. "ತಂದ ಆಯೇರ ತಿರಗಿ ಮನಿಯಾಗ ಬರಬಾರ್ದು. ಯಾರ ತಲಿಮ್ಯಾಲರೆ ಇಡ್ರಿ, ನನಗ ಗೊತ್ತಿಲ್ಲ."

ಆ ಹೊತ್ತಿಗೆ ಸರಿಯಾಗಿ ಬಾಳಾಸಾಬ ಕೈಮುಗಿದು ತನ್ನ ಕಾರ್ಡನ್ನು ವಿರುಪಾಕ್ಷಪ್ಪನವರ ಕೈಗೆ ಇಟ್ಟ. ಅವರು ಇವನ ಮುಖ ನೋಡಿದರು. ನೀನು ಕೊಟ್ಟಿಗೆಯ ನಳದವನಲ್ಲವೇ ಎಂದು ಕೇಳಿದರು. ಹೌದೆಂದ. ಅವರಿಗೆ ಜೀವ ಬಂದಂತಾಯಿತು. ಮನೆಗೆ ಕೈ ಹಚ್ಚಿದವನೇ ತಾನೇ, ಮೈಕಿನವರಿಗೂ ಹೇಳಿ ಎಂದು ಕಾರ್ಡನ್ನು ಆಚೆ ದಾಟಿಸಿದರು. ಮೈಕು ಹಿಡಿದಿದ್ದವರು ನಿವೃತ್ತ ಹೆಡ್ ಮಾಸ್ತರು. ಅವರಿಗೆ ಕೊಟ್ಟಿಗೆಯ ಸುದ್ದಿ ಮುಟ್ಟಲಿಲ್ಲ, ಕಾರ್ಡು ಮಾತ್ರ ಮುಟ್ಟಿತು. ಅದನ್ನು ಓದಿ, ಗಂಟಲು ಸರಿಮಾಡಿಕೊಂಡು, ಈ ಭವ್ಯ ಬಂಗಲೆಯ ಶಿಲ್ಪಿಗಳೂ, ಏಕಸಂಬಿಯ ಸುಪುತ್ರರೂ, ಸ್ವತಂತ್ರ ಗುತ್ತಿಗೆದಾರರೂ ಆದ ಶ್ರೀಮಾನ್ ಬಾಳಾಸಾಬ ಅವರು ಎಂದು ಶುರು ಮಾಡಿದರು. ಅಷ್ಟರಲ್ಲಿ ತಲೆಗೆ ಟೊಪಗಿ ಏರಿತ್ತು, ಬಾಳಾಸಾಬ ಅಲ್ಲ ಅಲ್ಲ ಎಂದು ಕೈ ಎತ್ತಿದ. ಆ ಕ್ಷಣದ ಫೋಟೋದಲ್ಲಿ ಅವನು ಟೊಪಗಿ ತೊಟ್ಟು ಜನಸ್ತೋಮಕ್ಕೆ ಆಶೀರ್ವಾದ ಮಾಡುತ್ತಿರುವಂತೆ ಕಾಣುತ್ತಾನೆ.

ಅವನ ಹಳೆಯ ಬೈಕು ಏಕಸಂಬಿ ಮುಟ್ಟುವ ಮೊದಲೇ ಮೊಬೈಲಿನಲ್ಲಿ ಫೋಟೋ ಮುಟ್ಟಿತ್ತು. ಪಕ್ಕದ ಮನೆಯ ಭೀಮಗೊಂಡ ಗೌಡರು ಊರಿನ ಹಿರಿಯರು, ಪಂಚಾಯ್ತಿಯ ಮಾಜಿ ಸದಸ್ಯರು. ಊರಲ್ಲಿ ಏನೇ ಆದರೂ ಅದು ತಮ್ಮ ಕಟ್ಟೆಯ ಮುಂದೆ ಹಾಜರಿ ಹಾಕಿ ಮುಂದೆ ಹೋಗಬೇಕು ಎನ್ನುವವರು. ಇಷ್ಟು ದಿನ ಬಾಳ್ಯಾ ಎನ್ನುತ್ತಿದ್ದವರು ಎದ್ದು ನಿಂತು, "ಬರ್ರಿ ಬಾಳಾಸಾಬ, ಏನ್ರಿ ಇಷ್ಟ ಗುಪ್ತ್ ಇಟ್ಟಿರಿ?" ಎಂದರು.

"ಏನಿಲ್ರಿ ಗೌಡ್ರ. ಸ್ವಲ್ಪ ಕೈ ಹಚ್ಚಿದ್ನಿ ಅಷ್ಟ" ಎಂದ ಬಾಳಾಸಾಬ.

ಇದು ಅಕ್ಷರಶಃ ಸತ್ಯ. ಸತ್ಯದ ಹಣೆಬರಹ ಏನೆಂದರೆ, ತಲೆಯ ಮೇಲೆ ಬಿಳಿ ಟೊಪಗಿ ಇದ್ದವನು ಅದನ್ನು ಹೇಳಿದರೆ ಜನ ವಿನಯ ಎನ್ನುತ್ತಾರೆ. ಎಂಥ ಮನುಷ್ಯ, ಅಷ್ಟು ದೊಡ್ಡ ಬಂಗಲೆ ಎಬ್ಬಿಸಿ ಸ್ವಲ್ಪ ಕೈ ಹಚ್ಚಿದೆ ಎನ್ನುತ್ತಾನಲ್ಲ ಎಂದು ಗೌಡರು ಸಂಜೆಯೊಳಗೆ ಓಣಿಗೆಲ್ಲ ಸಾರಿದರು. ಅಕ್ಕುತಾಯಿ ಆ ಟೊಪಗಿಯನ್ನು ದೇವರ ಮಾಡದಲ್ಲಿ ಇಟ್ಟು ದೀಪ ಹಚ್ಚಿದಳು. ಕಾಂಚನ ಮಾತ್ರ ಗಂಡನ ಮುಖವನ್ನೇ ನೋಡಿದಳು. ಅವನು ನಿಜ ಹೇಳಿದ. ಅವಳು ನಕ್ಕಳು. ಆಮೇಲೆ, ಇರಲಿ ಬಿಡಿ, ಇದರಿಂದಲೇ ನಾಲ್ಕು ಕೆಲಸ ಬಂದರೆ ಬರಲಿ ಎಂದಳು. ಆ ಮಾತಿಗೆ ಆಮೇಲೆ ಅವಳು ಬಹಳ ಪಶ್ಚಾತ್ತಾಪ ಪಟ್ಟಳು.

ಏಕೆಂದರೆ ಕೆಲಸ ಬರುವುದು ಅಲ್ಲಿಗೆ ನಿಂತಿತು. ಲಕ್ಷ್ಮಿಬಾಯಿ ಕಾಕುವಿನ ಅಡಿಗೆಮನೆಯ ನಳ ಸೋರತೊಡಗಿತು. ಆಕೆ ಬಾಗಿಲ ತನಕ ಬಂದು, ಒಳಗೆ ಇಣುಕಿ, ಇಂಥ ದೊಡ್ಡ ಮನುಷ್ಯನಿಗೆ ನಳ ಬಿಗಿ ಎಂದು ಹೇಗೆ ಹೇಳುವುದು ಎಂದು ಹಾಗೇ ಹಿಂದಿರುಗಿ ನಳದ ಕೆಳಗೆ ಬಕೆಟ್ಟು ಇಟ್ಟಳು. ಅವಳೊಬ್ಬಳೇ ಅಲ್ಲ, ಓಣಿಯ ತುಂಬ ಬಕೆಟ್ಟುಗಳು ಕೂತವು. ಬದಲಿಗೆ ಬಂದವರು ಬೇರೆಯೇ ಜನ. ಮಗನನ್ನು ನಿಮ್ಮ ಕೈಕೆಳಗೆ ಹಾಕಿಕೊಳ್ಳಿ ಎನ್ನುವವರು ಬಂದರು. ಗಣಪತಿ ಮಂಡಳದವರು ಬಂದು ಗೌರವಾಧ್ಯಕ್ಷ ಮಾಡಿ ಹೋದರು. ಪಂಚಾಯ್ತಿಯ ಅಧಿಕಾರಿಯೊಬ್ಬರು ಬಂದು, ಒಂದು ಗಟಾರದ ಕೆಲಸವಿದೆ, ನೀವು ಮನಸ್ಸು ಮಾಡುತ್ತೀರಾ ಎಂದು ಕೇಳಿದರು. ಗಟಾರ ಕಟ್ಟುವುದು ಬಾಳಾಸಾಬನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸುರಜ ಕಲಿಸಿದ ಸೂತ್ರ ನೆನಪಾಗಿ, ಪುರಸತ್ತಿಲ್ರಿ ಎಂದುಬಿಟ್ಟ. ಗಟಾರವನ್ನು ಬೇಡವೆಂದ ಗುತ್ತಿಗೆದಾರನನ್ನು ಆ ಅಧಿಕಾರಿ ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಇವನ ಕೈಯಲ್ಲಿ ಇನ್ನೂ ಎಂಥ ದೊಡ್ಡ ಕೆಲಸ ಇರಬೇಕು ಎಂದು ಬೆರಗಾಗಿ, ಅದನ್ನು ಗೌಡರ ಕಟ್ಟೆಯಲ್ಲಿ ಹೇಳಿ ಹೋದರು.

ಪುರಸತ್ತಿಲ್ಲ ಎಂದವನು ಮನೆಯಲ್ಲಿ ಕೂರುವಂತಿಲ್ಲ. ಬಾಳಾಸಾಬ ದಿನ ಬೆಳಗಾದರೆ ಚೀಲ ಸಿಕ್ಕಿಸಿಕೊಂಡು ಗಾಡಿ ಹತ್ತಿ ಸೈಟಿಗೆಂದು ಹೊರಡಬೇಕಾಯಿತು. ಸೈಟು ಇದ್ದರೆ ತಾನೇ. ಹೊಳೆಯ ದಂಡೆಗೆ ಹೋಗಿ ಬೇವಿನ ಮರದ ಕೆಳಗೆ ಕೂತು, ತುಂಬಿ ಹರಿಯುವ ಕೆಂಪು ನೀರನ್ನು ನೋಡುತ್ತ ಹೊತ್ತು ಕಳೆಯುತ್ತಿದ್ದ. ಬೇಸರವಾದರೆ ಎದ್ದು ಅತ್ತ ಇತ್ತ ಹೆಜ್ಜೆ ಹಾಕುತ್ತಿದ್ದ. ಒಮ್ಮೆ ಕಡ್ಡಿಯೊಂದನ್ನು ನೀರಿಗೆ ಎಸೆದು ಅದು ಎಲ್ಲಿಗೆ ಮುಟ್ಟುತ್ತದೆಂದು ಕಣ್ಣು ಕಿರಿದು ಮಾಡಿ ನೋಡಿದ. ಎಮ್ಮೆ ಕಾಯುವವರು ಇದನ್ನು ಕಂಡರು. ಗುತ್ತಿಗೆದಾರ ಬಾಳಾಸಾಬ ಹೊಳೆಯನ್ನು ಅಳೆಯುತ್ತಿದ್ದಾನೆ ಎಂಬ ಸುದ್ದಿ ಎಮ್ಮೆಗಳಿಗಿಂತ ಮೊದಲು ಊರು ಸೇರಿತು. ಅಳೆಯುವುದು ಏಕೆ? ಸೇತುವೆಗೆ. ಸೇತುವೆ ಬಂದರೆ ರಸ್ತೆ ಬರಬೇಕು. ರಸ್ತೆ ಬಂದರೆ ಅದು ಯಾರದಾದರೂ ಹೊಲದ ಮೇಲೆ ಹಾಯಬೇಕು. ಹೊಳೆಯ ಕಡೆ ಕಬ್ಬಿನ ಹೊಲವಿದ್ದ ಭೀಮಗೊಂಡ ಗೌಡರಿಗೆ ಅಂದು ಊಟ ರುಚಿಸಲಿಲ್ಲ. ಸಂಜೆ ಬಾಳಾಸಾಬನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನಿಮ್ಮ ಕೈಯಾಗ ಐತಿ. ಹೊಲದ ಬಾಜೂಕ ಬಂದಾಗ ರಸ್ತಾ ಸ್ವಲ್ಪ ಬಗ್ಗಸ್ರಿ. ಏನ್ ನಿಮ್ಮ ಪೈಪಿಗೆ ಎಲ್ಬೋ ಹಾಕಿದಂಗ."

ಬಾಳಾಸಾಬ ಇಲ್ಲದ ಸೇತುವೆಯ ಇಲ್ಲದ ರಸ್ತೆಯನ್ನು ಬಗ್ಗಿಸಲು ಒಪ್ಪಿಕೊಂಡ. ಒಪ್ಪದಿದ್ದರೆ ಗೌಡರು ಬಿಡುವಂತಿರಲಿಲ್ಲ. ಅಂದಿನಿಂದ ಗೌಡರು ಅವನ ಮನೆಗೆ ಏನು ಬೇಕು ಏನು ಬೇಡ ಎಂದು ಕಣ್ಣಿಟ್ಟು ಕಾಯತೊಡಗಿದರು. ಬೇಕಾದದ್ದು ಜೋಳದ ಹಿಟ್ಟು. ಅದನ್ನು ಸೇತುವೆಯ ಗುತ್ತಿಗೆದಾರ ಕೇಳುವುದು ಹೇಗೆ?

ಹಿಟ್ಟಿನ ಡಬ್ಬಿಯ ತಳ ಕಾಣತೊಡಗಿತು. ಕಾಂಚನ ಹೊಲಿದ ಹೊಲಿಗೆಯಿಂದ ಮನೆ ನಡೆಯುತ್ತಿತ್ತು, ಕುಂಟುತ್ತ. ಅವಳು ಒಂದು ದಿನವೂ ಹಂಗಿಸಲಿಲ್ಲ, ಅದೇ ಬಾಳಾಸಾಬನಿಗೆ ಹೆಚ್ಚು ಚುಚ್ಚಿತು. ಗಣಪತಿ ಹಬ್ಬ ಮುಗಿದ ಮೇಲೆ, ದಸರೆಯ ತನಕ ಏಕೆ ಕಾಯಬೇಕು, ಹೋದ ಮಾನ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ ಚಿಕ್ಕೋಡಿಗೆ ಹೋಗಿ ನೇಮಿನಾಥ ಶೇಟ್‌ರ ಅಂಗಡಿಯ ಮೆಟ್ಟಿಲು ಹತ್ತಿದ. ಶೇಟ್‌ರು ಅವನನ್ನು ಕಂಡವರೇ ಹಣದ ಗಲ್ಲೆಯಿಂದ ಎದ್ದರು. ಕುರ್ಚಿಯನ್ನು ತಾವೇ ಒರೆಸಿ ಮುಂದಿಟ್ಟರು. ಇಷ್ಟು ವರ್ಷ ಬಯಸಿದ ಕುರ್ಚಿ. ಕೂತ. ಚಹಾ ಬಂತು, ಅದೂ ಶೇಟ್‌ರ ಕೈಯಿಂದ. ಸೇತುವೆಗೆ ಪೈಪು ಎಷ್ಟು ಬೇಕಾಗಬಹುದು, ಬೇರೆ ಅಂಗಡಿಯವರ ಮಾತು ಕೇಳಬಾರದು, ನಾನು ನಿಮ್ಮನ್ನು ಮನೆಮಗನಂತೆ ನೋಡಿಕೊಂಡವನು ಎಂದು ಶೇಟ್‌ರು ಹೇಳುತ್ತ ಹೋದರು. ಬಾಳಾಸಾಬ ತಡವರಿಸುತ್ತ, ಶೇಟ್ಜಿ, ನನಗೆ ಇಲ್ಲಿ ಏನಾದರೂ ಕೆಲಸ ಎಂದ. ಶೇಟ್‌ರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡವರಾದರೂ ಚೇಷ್ಟೆ ಬಿಡಲಿಲ್ಲವಲ್ಲ ಎಂದು ಬೆನ್ನು ತಟ್ಟಿ, ಮೆಟ್ಟಿಲ ತನಕ ಬಂದು ಬೀಳ್ಕೊಟ್ಟರು. ಬಾಳಾಸಾಬನ ಕಣ್ಣಲ್ಲಿ ನೀರು ಬಂತು. ಹಿಂದೆ ಹೋಗುವ ದಾರಿಯೂ ಮುಚ್ಚಿತಲ್ಲ ಎಂದು ನಿಜಕ್ಕೂ ಹೆದರಿಕೆಯಾಯಿತು.

ಉಳಿದದ್ದು ನಿಪ್ಪಾಣಿ. ಅಲ್ಲಿ ಅವನ ಗುರುತಿನವರು ಇರಲಿಲ್ಲ. ಮರುದಿನ ಸೈಟಿಗೆ ಎಂದು ಹೇಳಿ ಹೊರಟವನು ನೇರ ನಿಪ್ಪಾಣಿಗೆ ಹೋಗಿ, ಗಾಡಿಯನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಟಾವೆಲು ಸುತ್ತಿಕೊಂಡು, ಕೂಲಿಯವರು ನಿಲ್ಲುವ ನಾಕಾದಲ್ಲಿ ನಿಂತ. ಧೂಳಿಗೆ ಹೆದರಿ ಹೀಗೆ ಸುತ್ತಿಕೊಳ್ಳುವವರು ಬೇಕಾದಷ್ಟು ಜನ, ಯಾರೂ ಏನೂ ಕೇಳಲಿಲ್ಲ. ಫೋನನ್ನೂ ಬಂದ್ ಮಾಡಿದ. ಮಗನಿಗೆ ಕೆಲಸ ಕೊಡಿ ಎನ್ನುವವರ ಕಾಟ ಅಷ್ಟಿತ್ತು. ಬಹಳ ಹೊತ್ತು ಕಳೆದ ಮೇಲೆ ಆಳುಗಳನ್ನು ಕೆಲಸಕ್ಕೆ ಒಯ್ಯುವ ಹಾಲಸಿದ್ದ ಎಂಬ ಫಿಟ್ಟಿಂಗ್ ಮುಕಾದಮ್ ಬಂದು ಇವನ ಚೀಲದಿಂದ ಇಣುಕುತ್ತಿದ್ದ ಪೈಪು ಬಿಗಿಯುವ ಪಾನಾ ನೋಡಿದ.

"ಏ ಪಾವ್ಣ್ಯಾ, ನಳದ ಕೆಲಸಾ ಬರ್ತೈತಿ?"

ಬರುತ್ತದೆ ಎಂದು ಬಾಳಾಸಾಬ ತಲೆಯಾಡಿಸಿದ. ಬಾಯಿ ತೆರೆದರೆ ಅಳು ಬರುವಂತಿತ್ತು. ಎಷ್ಟು ದಿನಗಳ ಮೇಲೆ ಒಬ್ಬರು ಅವನನ್ನು ನಳದ ಕೆಲಸ ಕೇಳಿದ್ದರು. ಹಾಲಸಿದ್ದನ ಬೈಕಿನ ಹಿಂದೆ ಹತ್ತಿ ಕೂತ. ಬೈಕು ನಿಪ್ಪಾಣಿ ದಾಟಿತು. ಚಿಕ್ಕೋಡಿಯನ್ನೂ ದಾಟಿತು. ಏಕಸಂಬಿಯ ರಸ್ತೆಗೆ ಹೊರಳಿದಾಗ ಬಾಳಾಸಾಬನ ಕೈ ತಾನಾಗಿ ಟಾವೆಲನ್ನು ಇನ್ನಷ್ಟು ಬಿಗಿಯಿತು. ದಾರಿಯುದ್ದಕ್ಕೂ ಹಾಲಸಿದ್ದ ಹೇಳುತ್ತ ಬಂದ. ಯಾರೋ ಭಾರಿ ಗುತ್ತಿಗೆದಾರರ ಮನೆಯಂತೆ. ಪಕ್ಕದ ಮನೆ ಗೌಡರ ಟ್ರ್ಯಾಕ್ಟರ್ ಹಾಯ್ದು ಅಂಗಳದ ನೀರಿನ ಪೈಪು ಒಡೆದಿದೆಯಂತೆ. ಗುತ್ತಿಗೆದಾರರ ಫೋನು ಬಂದ್ ಇದೆಯಂತೆ, ಅವರಿಗೆ ಪುರಸತ್ತೂ ಇರುವುದಿಲ್ಲವಂತೆ. ಸಾಹೇಬರು ಮನೆಗೆ ಬರುವ ಮೊದಲು ಕೆಲಸ ಆಗಬೇಕು, ಊರಿನ ಹುಡುಗರು ಅಂಥವರ ಮನೆಗೆ ಸಾಲುವುದಿಲ್ಲ, ಒಳ್ಳೆಯ ಆಳು ತಾ ಎಂದು ಗೌಡರೇ ಫೋನು ಮಾಡಿದ್ದರಂತೆ.

ಬೈಕು ನಿಂತದ್ದು ಬಾಳಾಸಾಬನ ಮನೆಯ ಮುಂದೆ.

ಅಂಗಳ ಕೆರೆಯಾಗಿತ್ತು. ಭೀಮಗೊಂಡ ಗೌಡರು ಕುರ್ಚಿ ಹಾಕಿಕೊಂಡು ಕೂತಿದ್ದರು, ಓಣಿಯ ಹೆಂಗಸರು ಸುತ್ತ ನಿಂತಿದ್ದರು. ಓಡಿ ಹೋಗೋಣವೆಂದರೆ ಓಣಿಗೆ ಎರಡನೆಯ ಬಾಯಿ ಇರಲಿಲ್ಲ. ಬಾಳಾಸಾಬ ತಲೆ ತಗ್ಗಿಸಿ ಕೆಸರಿಗೆ ಇಳಿದ. ಗೌಡರು ಟಾವೆಲು ಸುತ್ತಿದ ಆಳಿಗೆ ಎಚ್ಚರಿಕೆ ಕೊಟ್ಟರು. ಇದು ಸಾಧಾರಣ ಮನೆಯಲ್ಲ, ಒಂದು ಹನಿ ಜಿನುಗಿದರೂ ಬಾಳಾಸಾಬರ ಕಣ್ಣು ತಪ್ಪುವುದಿಲ್ಲ. ಅಕ್ಕುತಾಯಿ ಜಗುಲಿಯಿಂದ, ನನ್ನ ಮಗನ ಕೈಯಾಗಿದ್ದರೆ ಇಷ್ಟು ಹೊತ್ತಿಗೆ ಮುಗಿದು ಹೋಗುತ್ತಿತ್ತು, ಇವನು ಏನು ತಡಕಾಡುತ್ತಾನೆ ಎಂದು ಗೊಣಗಿದಳು. ಹಾಲಸಿದ್ದ, ಅಗಿಯೋ ಪಾವ್ಣ್ಯಾ ಎಂದು ಗದರಿದ. ಹೀಗೆ ತನ್ನ ಅಂಗಳದಲ್ಲಿ ತನ್ನ ಪೈಪಿಗಾಗಿ ತನ್ನ ಹೆಸರಿನಿಂದಲೇ ಬೈಸಿಕೊಳ್ಳುತ್ತ ಬಾಳಾಸಾಬ ಅಗೆದ. ಒಡೆದ ತುಂಡನ್ನು ಕೊಯ್ದ, ಹೊಸದನ್ನು ಸಲೂಶನ್ ಹಚ್ಚಿ ಕೂಡಿಸಿದ. ಒಂದು ಮಾತು ಹೇಳಬೇಕು: ಅಷ್ಟು ನಾಚಿಕೆಯ ನಡುವೆಯೂ ಅವನ ಕೈಗಳು ಖುಷಿಯಾಗಿದ್ದವು.

ಕಾಂಚನ ಚಹಾ ತಂದಳು. ಕೆಸರಿನಲ್ಲಿ ಬಾಗಿದ್ದ ಬೆನ್ನನ್ನು ನೋಡಿದಳು. ಹೆಂಡತಿಯಾದವಳಿಗೆ ಬೆನ್ನು ಸಾಕು. ಅವಳು ಕಪ್ಪನ್ನು ತಗ್ಗಿನ ದಂಡೆಯ ಮೇಲಿಟ್ಟು ಬಾಗಿಲಿಗೆ ಒರಗಿ ನಿಂತಳು.

ನೀರು ನಿಂತಿತು. ಗೌಡರಿಗೆ ಸಂತೋಷವಾಯಿತು. "ಕೈ ಚಲೋ ಐತಲಾ ನಿಂದು. ಮತ್ತ ಇನ್ನೊಬ್ಬರ ಕೈಯಾಗ ಯಾಕ ದುಡೀತಿ? ಸ್ವತಂತ್ರ ಆಗು. ನಮ್ಮ ಬಾಳಾಸಾಬರನ್ನ ನೋಡು, ಎಲ್ಲಿದ್ದಾವ್ರು ಎಲ್ಲಿ ಮುಟ್ಯಾರ. ನಾ ಒಂದ ಮಾತ ಹೇಳ್ತೀನಿ, ಅವರ ಹಂತ್ಯಾಕ ನಿನಗ ಬೇಕಾದಷ್ಟ ಕೆಲಸಾ."

ಟಾವೆಲಿನ ಒಳಗಿಂದ ದನಿ ಬಂತು. "ಅವನ ಹಂತ್ಯಾಕ ಕೆಲಸಾ ಇಲ್ರಿ ಗೌಡ್ರ."

ಅಕ್ಕುತಾಯಿ ಕಸಬರಿಗೆ ಹಿಡಿದೇ ಜಗುಲಿ ಇಳಿದಳು. ನನ್ನ ಮನೆಯ ಚಹಾ ಕುಡಿದು ನನ್ನ ಮಗನಿಗೆ ಕೆಲಸ ಇಲ್ಲ ಎನ್ನುವವನ ಮುಖ ನೋಡಿಯೇ ಬಿಡುತ್ತೇನೆ ಎಂದು ಟಾವೆಲನ್ನು ಹಿಡಿದು ಎಳೆದಳು. ಅವಳು ಹೆತ್ತು, ತೊಳೆದು, ಬಳಿದು ಬೆಳೆಸಿದ ಮುಖವೇ ಹೊರಗೆ ಬಂತು. ಕಸಬರಿಗೆ ಕೈಯಿಂದ ಜಾರಿ ಕೆಸರಿಗೆ ಬಿತ್ತು.

ಮೊದಲು ಚೇತರಿಸಿಕೊಂಡವರು ಗೌಡರು. ಗೌಡರಂಥವರು ತಾವು ಕಟ್ಟಿದ ಕೀರ್ತಿಯನ್ನು ಅಷ್ಟು ಸುಲಭಕ್ಕೆ ಕೆಡವುವುದಿಲ್ಲ. ಕುರ್ಚಿಯಿಂದ ಎದ್ದು ಕೈ ಜೋಡಿಸಿ, ಎಂಥ ದೊಡ್ಡ ಗುಣ ನೋಡಿರಿ, ಸೇತುವೆ ಕಟ್ಟುವ ಮನುಷ್ಯ ಮನೆಯವರು ಬಡ ಆಳಿನ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎಂದು ಪರೀಕ್ಷೆ ಮಾಡಲು ವೇಷ ಹಾಕಿ ಬಂದಿದ್ದಾರೆ ಎಂದರು. ನೆರೆದವರು ಹೌದು ಹೌದು ಎಂದರು. ಹಾಲಸಿದ್ದನ ಮುಖ ಕಪ್ಪಿಟ್ಟಿತು. ಗುರುತಿಲ್ಲದವನನ್ನು ಕೂಗುವಂತೆ ಪಾವ್ಣ್ಯಾ ಎಂದೆನಲ್ಲ, ತಪ್ಪಾಯಿತು ಸಾಹೇಬರೇ ಎಂದು ಕಾಲಿಗೆ ಬಾಗಿದ. ನಾಳೆಯೂ ಬರುತ್ತೇನೆ ಮಾರಾಯಾ ಎಂದು ಬಾಳಾಸಾಬ ಅಂಗಲಾಚಿದ. ನಿಮ್ಮಂಥವರನ್ನು ಆಳು ಇಟ್ಟುಕೊಂಡು ನಾನು ಎಲ್ಲಿ ಬದುಕಲಿ ಎಂದು ಹಾಲಸಿದ್ದ ಬೈಕಿಗೆ ಕಿಕ್ ಹೊಡೆದೇಬಿಟ್ಟ. ಹುಡುಕಿ ಹುಡುಕಿ ಸಿಕ್ಕಿದ್ದ ಒಂದು ಕೆಲಸವೂ ಓಣಿಯ ತಿರುವಿನಲ್ಲಿ ಮರೆಯಾಗಿ ಹೋಯಿತು. ಬಾಳಾಸಾಬ ಕೆಸರಿನಲ್ಲೇ ಕುಸಿದು ಕೂತ.

ಆಗ ಕಾಂಚನ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಳು. ಗೌಡರ ಮುಂದೆ ಇದುವರೆಗೆ ತಲೆ ಎತ್ತಿ ಮಾತಾಡಿದವಳಲ್ಲ.

"ಗೌಡ್ರ, ದೊಡ್ಡ ಗುಣ, ಪರೀಕ್ಷಾ, ಯಾವುದೂ ಇಲ್ಲ. ನಮ್ಮ ಮನಿಯವರಿಗೆ ಕೆಲಸಾ ಇಲ್ರಿ. ಆ ಬಂಗ್ಲೆದಾಗ ಇವರು ಮಾಡಿದ್ದು ದನದ ಕೊಟಗಿ ನಳಾ ಒಂದ. ಸೇತುವೆ ಇಲ್ಲ, ರಸ್ತಾ ಇಲ್ಲ. ದಿನಾ ಹೊಳಿ ದಂಡಿಗೆ ಹೋಗಿ ಕುಂದ್ರತಾರ. ಹಿಟ್ಟಿನ ಡಬ್ಬಿ ಒಳಗ ಐತಿ, ಬೇಕಾದ್ರ ಬಂದ ನೋಡ್ರಿ."

ಬಾಳಾಸಾಬ ತಲೆ ಎತ್ತಲಿಲ್ಲ. ಊರ ಮುಂದೆ ಮಾನ ಹೋಯಿತು ಎಂದು ಸಂಕಟವಾಯಿತು, ಆದರೆ ಅದರ ಹಿಂದೆಯೇ ಎದೆ ಹಗುರಾಯಿತು. ಇನ್ನು ನಾಳೆ ಬೆಳಿಗ್ಗೆ ಸೈಟಿಗೆ ಹೋಗಬೇಕಾಗಿಲ್ಲವಲ್ಲ. ಗೌಡರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, ಹಾಗಾದರೆ ಮೈಕಿನಲ್ಲಿ ಹೇಳಿದ್ದು ಸುಳ್ಳೇ ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತ ಕುರ್ಚಿ ಎತ್ತಿಕೊಂಡು ನಡೆದರು.

ಅಷ್ಟರಲ್ಲಿ ಲಕ್ಷ್ಮಿಬಾಯಿ ಕಾಕು ಗುಂಪು ಸೀಳಿ ಮುಂದೆ ಬಂದಳು. ಅವಳ ಮುಖದಲ್ಲಿ ಕನಿಕರದ ಗುರುತೇ ಇರಲಿಲ್ಲ.

"ಖರೇನ ಕೆಲಸಾ ಇಲ್ಲೇನ ನಿನಗ?"

"ಇಲ್ರಿ ಕಾಕು."

"ಮತ್ತ ಹೇಳಾಕ ಏನ ಧಾಡಿ ಆಗಿತ್ತು? ಇಷ್ಟ ದಿನಾ ಬಕೀಟ ತುಂಬೂದು ಚೆಲ್ಲೂದು ಮಾಡಿ ನನ್ನ ರಟ್ಟಿ ಬಿದ್ದ ಹೋದುವು. ಏಳ್, ಪಾನಾ ತಗೋ."

ಅವನನ್ನು ರಟ್ಟೆ ಹಿಡಿದು ಎಬ್ಬಿಸಿ ತನ್ನ ಅಡಿಗೆಮನೆಗೆ ಎಳೆದುಕೊಂಡು ಹೋದಳು. ಅವಳ ನಳ ಮುಗಿಯುವಷ್ಟರಲ್ಲಿ ಹೊರಗೆ ಇನ್ನೊಬ್ಬಳು ಸೆರಗು ಸಿಕ್ಕಿಸಿ ನಿಂತಿದ್ದಳು. ಅವಳ ಹಿಂದೆ ಮತ್ತೊಬ್ಬಳು. ಬಾಳಾಸಾಬ ಆ ದಿನ ಕೆಸರು ಮೆತ್ತಿದ ಅಂಗಿಯಲ್ಲೇ ಓಣಿಯ ಉದ್ದಕ್ಕೂ ಬಚ್ಚಲಿನಿಂದ ಬಚ್ಚಲಿಗೆ ಹಾಯ್ದ. ನಡುವೆ ಮತ್ತೆ ಚಾಲೂ ಮಾಡಿದ ಫೋನಿಗೆ ಸುರಜನ ಕರೆ ಬಂತು, ಸೇತುವೆಗೆ ತನ್ನನ್ನು ಸುಪರ್‌ವೈಜರ್ ಮಾಡಬೇಕೆಂದು. ಅದನ್ನು ಎತ್ತಲು ಅವನ ಕೈ ಖಾಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ, ಇನ್ನೂ ಮುಖ ತೊಳೆದಿರಲಿಲ್ಲ, ಬಾಗಿಲಲ್ಲಿ ಲಕ್ಷ್ಮಿಬಾಯಿ ಕಾಕುವಿನ ದನಿ ಕೇಳಿತು. ಅವಳು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಎಂಥ ಕೈಯಪ್ಪ ನಿನ್ನದು, ನಿನ್ನೆ ಬಿಗಿದ ನಳ ಇಂದು ಮತ್ತೆ ತೊಟ್ಟಿಕ್ಕುತ್ತಿದೆ, ಇದಕ್ಕೇ ಏನು ನಿನ್ನನ್ನು ಕರೆದದ್ದು, ಮುಖ ಮುಚ್ಚಿಕೊಂಡಿದ್ದಾಗಲೇ ಚಲೋ ಮಾಡುತ್ತಿದ್ದೆಯಲ್ಲ. ಅಕ್ಕುತಾಯಿ ಜಗಳಕ್ಕೆ ಸೀರೆ ಎತ್ತಿ ಕಟ್ಟಿದಳು. ಕಾಂಚನ ಗಂಡನ ಮುಖ ನೋಡಿದಳು. ಬಾಳಾಸಾಬ ಗೋಡೆಗೆ ಒರಗಿ, ಬೈಗುಳದ ಒಂದು ಅಕ್ಷರವೂ ತಪ್ಪದಂತೆ, ಕಿವಿ ಕೊಟ್ಟು ಕೇಳುತ್ತಿದ್ದ. ಕೆಲಸ ಇದ್ದವನಿಗೆ ಮಾತ್ರ ಸಿಗುವ ಬೈಗುಳ ಅದು. ಎಷ್ಟು ದಿನಗಳಿಂದ ಅವನಿಗೆ ಅದು ಸಿಕ್ಕಿರಲಿಲ್ಲ. ಕಾಕು ಉಸಿರು ತೆಗೆದುಕೊಳ್ಳಲು ನಿಂತಾಗ ಅವನು ಕಣ್ಣೊರೆಸಿಕೊಂಡು ಕೇಳಿದ:

"ಕಾಕು, ಇನ್ನೂ ಸ್ವಲ್ಪ ಬೈಯ್ರಿ. ಚೀಲಾ ತಗೊಂಡ ಬರ್ತೀನಿ."